ಫೋಟೊದಲ್ಲಿ ಮನೆಯವರೆಲ್ಲ ಯಾಕೆ ಮರಗಟ್ಟಿ ನಿಲ್ಲುತ್ತಾರೆ?

ಪ್ರಶ್ನೆ: ನಮ್ಮದು ಏಳು ಜನರ ಮನೆ. ಅತ್ತೆ, ಮಾವ, ನಾವಿಬ್ಬರು, ಮೈದುನ, 14 ವರ್ಷದ ಮಗಳು, 4 ವರ್ಷದ ಮಗ. ಎರಡು ಸಲ ಫೋಟೊಗ್ರಾಫರನ್ನು ಕರೆಸಿ ಫೋಟೊ ತೆಗೆಸಿದೆವು. ಎರಡು ಸಲವೂ ಪಾಸ್‌ಪೋರ್ಟ್ ಫೋಟೊಗೆ ನಿಂತವರ ಹಾಗೆ ಬಂದಿದ್ದೇವೆ. ಯಜಮಾನರ ದವಡೆ ಬಿಗಿದುಕೊಳ್ಳುತ್ತದೆ, ಮಗ ಹಲ್ಲು ಕಿಸಿಯುತ್ತಾನೆ, ಮಗಳು ಮುಖ ಗಂಟಿಕ್ಕುತ್ತಾಳೆ. ಅತ್ತೆಯವರಂತೂ ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ‘ಏನಾದರೂ ಮಾಡ್ತಾ ಇರಿ, ನ್ಯಾಚುರಲ್ ಆಗಿ ಬರುತ್ತೆ’ ಎಂದು ಎಲ್ಲರೂ ಹೇಳುತ್ತಾರೆ. ಆ ‘ಏನಾದರೂ’ ಅಂದರೆ ಏನು? ಈ ಸಲ ನಾವೇ ಮೊಬೈಲಿನಲ್ಲೋ ಮೈದುನನ ಕ್ಯಾಮೆರಾದಲ್ಲೋ ತೆಗೆದುಕೊಳ್ಳೋಣ ಅಂದುಕೊಂಡಿದ್ದೇವೆ.

ಉತ್ತರ: ನಿಮ್ಮ ಮನೆಯವರ ಮುಖದಲ್ಲಿ ಏನೂ ಐಬಿಲ್ಲ, ಆ ಚಿಂತೆ ಬಿಡಿ. ಕುಟುಂಬಗಳ ಫೋಟೊ ತೆಗೆಯುವ ಕೆಲಸಕ್ಕಿಳಿದು ನನಗೆ 19 ವರ್ಷ. ಕ್ಯಾಮೆರಾ ಎದುರು ಮೊದಲ ಕ್ಲಿಕ್ಕಿಗೇ ಆರಾಮಾಗಿ ನಿಂತ ಮನೆಗಳು ಬೆರಳೆಣಿಕೆಯಷ್ಟು. ಅಷ್ಟೇಕೆ, ಬೇರೆ ಯಾರಾದರೂ ನನ್ನ ಫೋಟೊ ತೆಗೆಯಲು ಬಂದರೆ ನಾನೇ ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬು ಹುಡುಕುತ್ತೇನೆ.

‘ಸ್ಮೈಲ್ ಪ್ಲೀಸ್’ ಅಂದ ಕೂಡಲೇ ಮುಖ ಕೆಡುವುದಕ್ಕೆ ಕಾರಣ ಸ್ನಾಯುಗಳಲ್ಲೇ ಇದೆ. ಫ್ರಾನ್ಸಿನ ನರವೈದ್ಯ ಡುಶೆನ್ ಮುಖದ ಒಂದೊಂದು ಸ್ನಾಯುವಿಗೂ ಸಣ್ಣ ವಿದ್ಯುತ್ ಮುಟ್ಟಿಸಿ, ಆಗ ಮುಖ ಹೇಗೆ ಬದಲಾಗುತ್ತದೆಂದು ಫೋಟೊ ತೆಗೆಸಿ, 1862ರಲ್ಲಿ ಪ್ರಕಟಿಸಿದ. ತುಟಿಯ ಅಂಚನ್ನು ಮೇಲಕ್ಕೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತ ಉಂಗುರದಂತಿರುವ ಸ್ನಾಯು ಹಾಗಲ್ಲ, ನಗುವಾಗ ಅದು ನಿಜವಾಗಿ ಖುಷಿಯಾದರಷ್ಟೇ ಮಿಸುಕುತ್ತದೆ ಎಂಬುದು ಅವನ ವಾದ. ನಿಮ್ಮ ಮಗ ಹಲ್ಲು ಕಿಸಿಯುವುದು ಅದಕ್ಕೇ. ‘ನಗು’ ಅಂದಿರಿ, ಪಾಪ, ತನ್ನ ಕೈಲಾದ ಸ್ನಾಯುವನ್ನು ಎಳೆದು ತೋರಿಸಿದ. ಕಣ್ಣು ಅವನ ಮಾತು ಕೇಳಲಿಲ್ಲ. ಕರೆದರೆ ಬಾರದ ಈ ನಗು ಬಂದಾಗಲೂ ಕೆಲವೇ ಸೆಕೆಂಡು ನಿಂತು ಹೋಗುತ್ತದೆ. ಫೋಟೊಗ್ರಾಫರ್ ಫೋಕಸ್ ಸರಿ ಮಾಡಿಕೊಳ್ಳುವಷ್ಟರಲ್ಲಿ ಉಳಿದಿರುವುದು ಹಲ್ಲು ಮಾತ್ರ.

ಹಾಗಾದರೆ ಗಮನವನ್ನು ಮುಖದಿಂದ ಬೇರೆ ಕಡೆಗೆ ಸರಿಸಬೇಕು. ಇದನ್ನು ಬಹಳ ಚೆನ್ನಾಗಿ ಅರಿತಿದ್ದವನು ಅಮೆರಿಕದ ಛಾಯಾಗ್ರಾಹಕ ಫಿಲಿಪ್ ಹಾಲ್ಸ್‌ಮನ್. ‘ಲೈಫ್’ ಪತ್ರಿಕೆಗೆ 101 ಮುಖಪುಟ ತೆಗೆದುಕೊಟ್ಟವನು. 1950ರ ದಶಕದ ಆರಂಭದಲ್ಲಿ ಫೋರ್ಡ್ ಕಾರು ಕಂಪನಿಯ 50 ವರ್ಷದ ನೆನಪಿಗೆ ಫೋರ್ಡ್ ಮನೆತನದವರ ಫೋಟೊ ತೆಗೆಯಲು ಹೋಗಿದ್ದ. ದೊಡ್ಡವರು, ಮಕ್ಕಳು, ದಿನವಿಡೀ ಪರದಾಟ. ಎಲ್ಲ ಮುಗಿದ ಮೇಲೆ ಮನೆಯ ಹಿರಿಯ ಹೆಂಗಸನ್ನು ‘ಒಂದು ಸಲ ಹಾರುತ್ತೀರಾ’ ಎಂದು ಕೇಳಿಬಿಟ್ಟ. ಅವರು ಹಾರಿಯೂಬಿಟ್ಟರು! ಅಲ್ಲಿಂದ ಮುಂದೆ ತನ್ನೆದುರು ಬಂದ ನಟರು, ನ್ಯಾಯಾಧೀಶರು, ರಾಜಕಾರಣಿಗಳು, ಹೀಗೆ ಎಷ್ಟೋ ಜನರನ್ನು ಹಾರಿಸಿದ. ಮುಂದೆ ಅಮೆರಿಕದ ಅಧ್ಯಕ್ಷರಾದ ರಿಚರ್ಡ್ ನಿಕ್ಸನ್ ಕೂಡ ಅವನಿಗಾಗಿ ಹಾರಿದ್ದಾರೆ. ಹಾರುವವನ ಗಮನವೆಲ್ಲ ಹಾರುವುದರ ಮೇಲೆಯೇ ಇರುತ್ತದೆ, ಹೊತ್ತುಕೊಂಡು ಬಂದ ಮುಖವಾಡ ಆಗ ಕಳಚುತ್ತದೆ ಎಂಬುದು ಅವನ ಲೆಕ್ಕಾಚಾರ.

ಹಾಗಂತ ನಿಮ್ಮ ಅತ್ತೆಯವರನ್ನು ಹಾರಿಸಲು ಹೋಗಬೇಡಿ. ಹಾರಿದಾಗ ಬಟ್ಟೆ ಮೇಲೇಳುತ್ತದೆ, ಕೂದಲು ಕಣ್ಣಿಗೆ ಬೀಳುತ್ತದೆ, ಏಳು ಜನ ಏಳು ಎತ್ತರದಲ್ಲಿರುತ್ತಾರೆ. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಬೇರೆಯೇ. ಗಾಳಿಯಲ್ಲಿರುವ ಫೋಟೊ ಬರೀ ತಮಾಷೆಯದು. ನೆಲಕ್ಕೆ ಬಿದ್ದ ಮೇಲೆ ತೂಕ ತಪ್ಪಿ ಪಕ್ಕದವರ ತೋಳು ಹಿಡಿದುಕೊಂಡು ‘ಅಯ್ಯೋ’ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರಲ್ಲ, ಗೋಡೆಗೆ ತೂಗುಹಾಕುವ ಫೋಟೊ ಅದು. ಆಟ ಯಾವುದಾದರೂ ಆಗಲಿ, ಅದು ಮುಗಿದ ಮೇಲಿನ ಎರಡು ಮೂರು ಸೆಕೆಂಡಿನಲ್ಲೇ ಫೋಟೊ ಇರುವುದು. ‘ಏನಾದರೂ ಮಾಡ್ತಾ ಇರಿ’ ಎನ್ನುವವರು ಇಲ್ಲೇ ಎಡವುತ್ತಾರೆ. ಆಟ ನಡೆಯುವಾಗ ಟಪಟಪ ಕ್ಲಿಕ್ಕಿಸಿ, ಮುಗಿದ ತಕ್ಷಣ ಕ್ಯಾಮೆರಾ ಕೆಳಗಿಳಿಸಿ ಸ್ಕ್ರೀನ್ ನೋಡಲು ಶುರುಮಾಡುತ್ತಾರೆ. ಇಳಿಸಬೇಡಿ. ಆಗಲೇ ಒತ್ತಿ.

ಒಂದು ಮನೆಯವರ ಫೋಟೊ ತೆಗೆದದ್ದು ಹೇಳುತ್ತೇನೆ. ಅಪ್ಪ ನಿಮ್ಮ ಯಜಮಾನರಂಥವರೇ. ಎದೆ ಸೆಟೆಸಿ, ಉಸಿರು ಹಿಡಿದು, ದವಡೆ ಕಚ್ಚಿ ಕಂಬದಂತೆ ನಿಂತಿದ್ದರು. ಕಾಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದು, ‘ಸರ್, ನೀವು ಗೆರೆ ಬಿಟ್ಟು ಕದಲಬಾರದು’ ಅಂದೆ. ಮೂರು ಮಕ್ಕಳಿಗೆ, ‘ಅಪ್ಪನನ್ನು ಗೆರೆಯಾಚೆ ತಳ್ಳಿ ನೋಡೋಣ’ ಅಂದೆ. ಅಷ್ಟೇ. ದೊಡ್ಡವನು ಬೆನ್ನಿಗೆ ಭುಜ ಕೊಟ್ಟ, ನಡುವಿನವಳು ತೋಳಿಗೆ ಜೋತುಬಿದ್ದಳು, ಚಿಕ್ಕವಳು ಅಪ್ಪನ ತೊಡೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ದಬ್ಬತೊಡಗಿದಳು. ಅಪ್ಪನ ಕನ್ನಡಕ ಮೂಗಿನ ತುದಿಗೆ ಬಂತು. ಹಿಡಿದಿದ್ದ ಉಸಿರು ಬಿಡಲೇಬೇಕಾಯಿತು, ಉಸಿರಿನ ಜೊತೆ ದವಡೆಯೂ ಸಡಿಲಾಯಿತು. ಕೊನೆಗೆ ಅವರು ಒಂದು ಹೆಜ್ಜೆ ತಪ್ಪಿದರು, ಇಬ್ಬರು ಗೆದ್ದೆವೆಂದು ಕುಣಿದರು. ಚಿಕ್ಕವಳಿಗೆ ಆಟ ಮುಗಿದದ್ದೇ ಗೊತ್ತಿಲ್ಲ, ಇನ್ನೂ ದಬ್ಬುತ್ತಲೇ ಇದ್ದಾಳೆ. ಅಪ್ಪ ತಲೆ ಬಗ್ಗಿಸಿ ಅವಳ ನೆತ್ತಿ ನೋಡಿದರು. ಆ ಮನೆಯವರು ದೊಡ್ಡದಾಗಿ ಮುದ್ರಿಸಿಕೊಂಡದ್ದು ಆ ನೋಟವನ್ನು.

ಅದೇ ದಿನ ನಾನೊಂದು ತಪ್ಪನ್ನೂ ಮಾಡಿದೆ. ತಾಯಿಯನ್ನು ಆಟಕ್ಕೆ ಸೇರಿಸಲೇ ಇಲ್ಲ. ಅವರು ಹೆಗಲಿಗೆ ಬ್ಯಾಗ್ ಹಾಕಿಕೊಂಡು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತು ನಗುತ್ತಿದ್ದರು. ಮುಕ್ಕಾಲು ಪಾಲು ಫೋಟೊಗಳಲ್ಲಿ ಆ ಬ್ಯಾಗ್ ಇದೆ. ಬ್ಯಾಗ್ ಇಳಿಸಿ ಬನ್ನಿ ಎಂದು ಕರೆಯುವಷ್ಟು ಬುದ್ಧಿ ನನಗಿರಲಿಲ್ಲ. ನಿಮಗೂ ಇದು ಅನ್ವಯ. ಮಗನ ಕೂದಲು ಸರಿಮಾಡುವುದು, ಮಗಳಿಗೆ ‘ನೆಟ್ಟಗೆ ನಿಲ್ಲು’ ಅನ್ನುವುದು, ಮಾವನವರ ಕಾಲರ್ ನೋಡುವುದು, ಈ ಮೇಲ್ವಿಚಾರಣೆಯನ್ನು ಆ ಒಂದು ಗಂಟೆ ಬಿಟ್ಟುಬಿಡಿ. ಬಯ್ಯಿಸಿಕೊಂಡ ಮಗುವಿನ ಮುಖ ಹತ್ತು ನಿಮಿಷ ಫೋಟೊಗೆ ಬರುವುದಿಲ್ಲ, ಬಯ್ದವರ ಮುಖವೂ ಅಷ್ಟೇ.

ಈಗ ನಿಮ್ಮವರ ಒಬ್ಬೊಬ್ಬರ ವಿಷಯ. ನಾಲ್ಕು ವರ್ಷದ ಮಗನಿಗೆ ‘ನಗಬೇಡ’ ಅನ್ನಿ. ‘ಇವತ್ತು ಯಾರೂ ನಗುವ ಹಾಗಿಲ್ಲ, ಅಜ್ಜ ನಕ್ಕರೆ ಔಟ್’ ಎಂದು ಗಂಭೀರವಾಗಿ ಹೇಳಿ, ಅಜ್ಜನನ್ನು ನಗಿಸುವ ಕೆಲಸ ಅವನಿಗೆ ಕೊಡಿ. ಇನ್ನೊಂದು, ಗುಟ್ಟು ಹೇಳುವ ಆಟ. ಅಜ್ಜಿಯ ಕಿವಿಯಲ್ಲಿ ‘ಅಪ್ಪ ಬೆಳಿಗ್ಗೆ ಏನು ಮಾಡಿದ್ರು’ ಅಂತ ಹೇಳಿ ಬಾ ಎಂದು ಕಳಿಸಿ. ಕ್ಯಾಮೆರಾ ಅಜ್ಜಿಯ ಮುಖದ ಮೇಲಿರಲಿ, ಯಾಕೆಂದರೆ ಹೇಳುವವನ ಬಾಯಿ ಕೈಯಲ್ಲಿ ಮುಚ್ಚಿರುತ್ತದೆ, ಅರಳುವುದು ಕೇಳುವವರ ಮುಖ. ಹಳೆಯ ಬೆಡ್‌ಶೀಟಿನ ನಾಲ್ಕು ಮೂಲೆ ನಾಲ್ವರು ದೊಡ್ಡವರು ಹಿಡಿದು ಅವನನ್ನು ಮೆಲ್ಲಗೆ ತೂಗಿದರೂ ಚೆನ್ನ. ಎಲ್ಲರ ಕೈಗೂ ಕೆಲಸ ಸಿಗುತ್ತದೆ, ಎಲ್ಲರ ಕಣ್ಣೂ ಒಂದೇ ಕಡೆ ಇರುತ್ತದೆ. ಹುಲ್ಲಿನ ಮೇಲೆ ಆಡಿಸಿ, ಮೊಣಕಾಲಿಗಿಂತ ಮೇಲೆ ಎತ್ತಬೇಡಿ. ಬೆಡ್‌ಶೀಟ್ ಹಳೆಯದಾದರೂ ಗಟ್ಟಿಯಾಗಿರಲಿ.

ಕಚಗುಳಿ ಮಾತ್ರ ಬೇಡ. ತುಂಬಾ ಜನ ಮೊದಲು ಕೈಹಾಕುವುದೇ ಅದಕ್ಕೆ. ಮಗು ನಗುತ್ತದೆ ನಿಜ, ಆದರೆ ಗಲ್ಲ ಎದೆಗೊತ್ತಿ, ಕಣ್ಣು ಹಿಂಡಿ, ಮೈ ಮುದುಡಿ ನಗುತ್ತದೆ. ಫೋಟೊದಲ್ಲಿ ಅತ್ತ ಹಾಗೆಯೇ ಕಾಣುತ್ತದೆ. ಕೆಲವು ಮಕ್ಕಳಿಗೆ ಅದು ಇಷ್ಟವೂ ಇಲ್ಲ. ಸೋಪಿನ ಗುಳ್ಳೆ ಊದಿಸುವುದೂ ನನಗೆ ಅಷ್ಟಕ್ಕಷ್ಟೆ. ಊದುವಾಗ ತುಟಿ ಮುಂದಕ್ಕೆ, ಹಿಡಿಯುವಾಗ ಮುಖ ಆಕಾಶಕ್ಕೆ.

ಹದಿನಾಲ್ಕರ ಹುಡುಗಿಗೆ ಆಟ ಆಡಿಸಲು ಹೋದರೆ ಕೆಟ್ಟಿರಿ. ಅವಳಿಗೆ ಅಧಿಕಾರ ಕೊಡಿ. ಯಾವ ಹಾಡು ಹಾಕಬೇಕು, ಎಲ್ಲಿ ನಿಲ್ಲಬೇಕು, ಯಾವ ಬಟ್ಟೆ, ಅವಳೇ ತೀರ್ಮಾನಿಸಲಿ. ಮೊದಲ ಹತ್ತು ನಿಮಿಷ ಕ್ಯಾಮೆರಾ ಅವಳ ಕೈಯಲ್ಲೇ ಇರಲಿ, ಅಪ್ಪನಿಗೂ ಚಿಕ್ಕಪ್ಪನಿಗೂ ಅವಳೇ ಪೋಸ್ ಹೇಳಿಕೊಡಲಿ. ಆಮೇಲೆ ಎತ್ತರ ಅಳೆಯುವ ನೆಪ ತೆಗೆಯಿರಿ. ನೀವು, ಅವಳು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿ. ಒಬ್ಬರಾದರೂ ತುದಿಗಾಲಿನಲ್ಲಿ ಮೋಸ ಮಾಡುತ್ತೀರಿ, ಇನ್ನೊಬ್ಬರು ತಿರುಗಿ ನೋಡಿ ಹಿಡಿಯುತ್ತೀರಿ. ಆ ತಿರುಗುವ ಗಳಿಗೆಗೆ ಕಾಯಬೇಕು. ಈ ವಯಸ್ಸಿನವರ ಮೇಲೆ ‘ನಗು, ನಗು’ ಎನ್ನುವ ಒತ್ತಡ ಹಾಕದಿದ್ದರೆ ನಗದೆ ಇರುವ ಮುಖವೂ ಬಹಳ ಚೆಂದ ಬರುತ್ತದೆ. ನನ್ನ ಕಣ್ಣಿಗಂತೂ ಬಲವಂತದ ನಗುವಿಗಿಂತ ಸುಮ್ಮನಿರುವ ಮುಖವೇ ಮೇಲು.

ಯಜಮಾನರಿಗೆ ಗೆರೆಯ ಆಟ ಹೇಳಿಯಾಯಿತು. ಮಾವನವರಿಗೆ ಓಡಾಟ ಬೇಡವೆಂದರೆ ಹಳೆಯ ಆಲ್ಬಮ್ ತನ್ನಿ. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ. ಮೊಮ್ಮಕ್ಕಳು ಅಕ್ಕಪಕ್ಕ ಕೂರಲಿ. ತೊಂದರೆ ಏನೆಂದರೆ ಎಲ್ಲರ ತಲೆಯೂ ಪುಟದ ಮೇಲೆ ಬಾಗಿ ಮೂರು ನೆತ್ತಿ ಮಾತ್ರ ಕಾಣುತ್ತದೆ. ಅದಕ್ಕೆ ಕ್ಯಾಮೆರಾ ಹಿಡಿದವರು ನೆಲದ ಮೇಲೆ ಕೂರಬೇಕು, ಆಲ್ಬಮ್‌ಗಿಂತ ಸ್ವಲ್ಪವೇ ಮೇಲೆ ಲೆನ್ಸ್ ಇರಬೇಕು. ಆಮೇಲೆ ಕಾಯಬೇಕು. ‘ಇದು ಅಪ್ಪನಾ?!’ ಎಂದು ಮಗು ತಲೆಯೆತ್ತಿ ತಾತನ ಮುಖ ನೋಡೇ ನೋಡುತ್ತದೆ. ಮೊಬೈಲಿನಲ್ಲಿ ಫೋಟೊ ತೋರಿಸಿದರೆ ಈ ಫಲವಿಲ್ಲ. ಅದು ಒಬ್ಬರ ಕೈಯಲ್ಲಿರುತ್ತದೆ, ಉಳಿದವರು ಕತ್ತು ಚಾಚುತ್ತಾರೆ. ಆಲ್ಬಮ್ ಮೂವರ ತೊಡೆಯ ಮೇಲೆ ಕೂರುತ್ತದೆ, ಭುಜಗಳು ತಾವಾಗಿ ಅಂಟುತ್ತವೆ.

ಭುಜ ಅಂಟುವುದೇ ಮುಖ್ಯ. ಯಾವ ಕೆಲಸ ಒಳ್ಳೆಯದು, ಯಾವುದು ಬೇಡ ಎಂದು ನಾನು ನೋಡುವುದು ಇಷ್ಟೇ: ಅದರಲ್ಲಿ ಒಬ್ಬರು ಇನ್ನೊಬ್ಬರನ್ನು ಮುಟ್ಟುತ್ತಾರೆಯೇ, ಮುಖ ನೋಡುತ್ತಾರೆಯೇ? ಕೇರಂ, ಇಸ್ಪೀಟು ಆಡಲು ಚೆನ್ನ, ಫೋಟೊದಲ್ಲಿ ತಲೆ ಬಗ್ಗಿಸಿದ ನಾಲ್ವರು. ಹಿಟ್ಟು ನಾದುವುದು ಪರವಾಗಿಲ್ಲ, ಮೂಗಿಗೆ ಹಿಟ್ಟು ಹಚ್ಚುವವರು ಒಬ್ಬರಿದ್ದರೆ. ಏನೂ ತೋಚದಿದ್ದರೆ ಸುಮ್ಮನೆ ನಡೆಯಿರಿ. ಏಳು ಜನ ಸಾಲಾಗಿ, ಕೈ ಹಿಡಿದು, ಮಾಮೂಲಿಗಿಂತ ಅರ್ಧ ವೇಗದಲ್ಲಿ, ಮಧ್ಯೆ ಮಧ್ಯೆ ಪಕ್ಕದವರಿಗೆ ಸೊಂಟದಿಂದ ಮೆಲ್ಲಗೆ ಗುದ್ದುತ್ತಾ ಬನ್ನಿ. ನಿಧಾನ ನಡೆದರೆ ಕಾಲುಗಳು ಸಿಕ್ಕಿಕೊಂಡು ಯಾರಾದರೂ ಮುಗ್ಗರಿಸುತ್ತಾರೆ, ಅಲ್ಲಿಗೆ ಕೆಲಸವಾಯಿತು. ಇನ್ನು ಮೈದುನನಂಥ ಹರೆಯದವರಿದ್ದರೆ ಸುಳ್ಳು ನಗು ಆಡಿಸಿ. ಮೂರು ಎಣಿಸಿದ ಕೂಡಲೇ ಎಲ್ಲರೂ ಗಟ್ಟಿಯಾಗಿ, ನಾಟಕದ ರಾಕ್ಷಸನಂತೆ, ನಗಬೇಕು. ಮೊದಲ ಮೂರು ಸೆಕೆಂಡು ಶುದ್ಧ ಅಸಹ್ಯ, ಒತ್ತಬೇಡಿ. ಆಮೇಲೆ ಒಬ್ಬರ ನಗು ಕೇಳಿ ಇನ್ನೊಬ್ಬರಿಗೆ ನಿಜವಾಗಿ ನಗು ಬರುತ್ತದೆ.

ಕ್ಯಾಮೆರಾದ ಮಾತು. ಮೈದುನನಿಗೆ ಹೇಳಿ: ನಡೆಯುವಾಗ ಶಟರ್ ಸ್ಪೀಡ್ (ಕ್ಯಾಮೆರಾದ ಕಣ್ಣು ತೆರೆದಿರುವ ಹೊತ್ತು) ಸೆಕೆಂಡಿನ 250ರ ಒಂದು ಭಾಗಕ್ಕಿಂತ ನಿಧಾನವಾಗದಿರಲಿ, ಓಡಾಟ, ದಬ್ಬಾಟಕ್ಕೆ 500ರ ಒಂದು ಭಾಗ ಬೇಕು. ಜನ ಹಿಂದೆ ಮುಂದೆ ಇರುವುದರಿಂದ ಅಪರ್ಚರ್ (ಲೆನ್ಸಿನ ಕಿಂಡಿ ತೆರೆಯುವ ಅಳತೆ) ಎಫ್ 5.6ರ ಆಸುಪಾಸು ಇಟ್ಟರೆ ಎಲ್ಲರೂ ಫೋಕಸ್‌ನಲ್ಲಿ ಸಿಗುತ್ತಾರೆ. ಹಿನ್ನೆಲೆ ಮಸುಕಾಗಲೆಂದು ಎಫ್ 1.8ಕ್ಕೆ ಇಟ್ಟರೆ ಮುಂದಿನವರು ಸ್ಪಷ್ಟ, ಹಿಂದಿನ ಅಜ್ಜ ಮಂಜು. ಫೋಕಸ್ ನಿರಂತರ ಮೋಡಿನಲ್ಲಿರಲಿ, ಒಂದೇ ಒತ್ತಿಗೆ ಸಾಲುಸಾಲು ಫೋಟೊ ತೆಗೆಯುವ ಬರ್ಸ್ಟ್ ಹಾಕಿಕೊಳ್ಳಲಿ. ಮೊಬೈಲಾದರೆ ಹತ್ತಿರ ಬಂದು ತೆಗೆಯಬೇಡಿ. ಅದರ ಮುಖ್ಯ ಲೆನ್ಸ್ ಅಗಲವಾಗಿ ನೋಡುವಂಥದ್ದು, ಹತ್ತಿರದ ಮೂಗನ್ನು ದೊಡ್ಡದು ಮಾಡುತ್ತದೆ, ಅಂಚಿನಲ್ಲಿ ನಿಂತವರ ಮುಖವನ್ನು ಪಕ್ಕಕ್ಕೆಳೆಯುತ್ತದೆ. ಏಳೆಂಟು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟುಕೊಳ್ಳಿ. ದೂರ ನಿಂತರೆ ಇನ್ನೊಂದು ಲಾಭ, ಕ್ಯಾಮೆರಾ ಇದೆ ಎನ್ನುವುದೇ ಮರೆಯುತ್ತದೆ.

ಮೈದುನನೂ ಫೋಟೊದಲ್ಲಿ ಇರಬೇಕಲ್ಲ? ಟ್ರೈಪಾಡ್ ಮೇಲೆ ಮೊಬೈಲಿಟ್ಟು 4ಕೆ ವಿಡಿಯೊ ಹಾಕಿ ಆಟ ಆಡಿ. ಅದರ ಒಂದೊಂದು ಫ್ರೇಮ್ ಸುಮಾರು 8 ಮೆಗಾಪಿಕ್ಸೆಲ್, ಆಲ್ಬಮ್ ಗಾತ್ರದ ಪ್ರಿಂಟಿಗೆ ಧಾರಾಳ ಸಾಕು. ಒಳ್ಳೆಯ ಬೆಳಕಿದ್ದರೆ ಮಾತ್ರ. ಬೆಳಕು ಕಡಿಮೆಯಾದರೆ ವಿಡಿಯೊದಿಂದ ತೆಗೆದ ಫ್ರೇಮಿನಲ್ಲಿ ಕೈಕಾಲು ಕಲಸಿಹೋಗಿರುತ್ತವೆ.

ಬೆಳಕೆಂದರೆ ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮೊದಲಿನ ಒಂದು ಗಂಟೆ. ಅದಾಗದಿದ್ದರೆ ಕಟ್ಟಡದ್ದೋ ಮರದ್ದೋ ದಟ್ಟ ನೆರಳು ಹುಡುಕಿ, ಎಲೆಗಳ ನಡುವೆ ಬಿಸಿಲು ಚುಕ್ಕೆಚುಕ್ಕೆ ಬೀಳುವ ಕಡೆ ಬೇಡ. ಒಳಗೆ ತೆಗೆಯುವುದಾದರೆ ದೊಡ್ಡ ಕಿಟಕಿಯ ಪಕ್ಕ, ಲೈಟುಗಳನ್ನೆಲ್ಲ ಆರಿಸಿ. ಬಲ್ಬಿನ ಹಳದಿ, ಕಿಟಕಿಯ ಬಿಳಿ ಒಂದೇ ಮುಖದ ಮೇಲೆ ಬಿದ್ದರೆ ಆಮೇಲೆ ಸರಿಪಡಿಸುವುದು ತಲೆನೋವು. ಚಿಕ್ಕವನು ನಿದ್ದೆ ಮುಗಿಸಿ, ಹೊಟ್ಟೆ ತುಂಬಿಸಿಕೊಂಡಿರಲಿ. ಎಲ್ಲರೂ ನೆಲದ ಮೇಲೆ ಕೂರಬಹುದಾದ ಬಟ್ಟೆ ಹಾಕಿ. ‘ಕೊಳೆಯಾಗುತ್ತೆ’ ಎಂಬ ಚಿಂತೆಯೂ ಮುಖದಲ್ಲಿ ಕಾಣುತ್ತದೆ.

ಸಾಲಾಗಿ ನಿಂತ ಒಂದು ಫೋಟೊ ಬೇಕೇ ಬೇಕು, ಹಿರಿಯರು ಕೇಳುತ್ತಾರೆ. ಅದನ್ನು ಮೊದಲೇ ಮುಗಿಸಿ, ಇಲ್ಲದಿದ್ದರೆ ‘ಗ್ರೂಪ್ ಫೋಟೊ ಯಾವಾಗ’ ಎಂಬ ಪ್ರಶ್ನೆ ತಲೆಯ ಮೇಲೆ ತೂಗುತ್ತಿರುತ್ತದೆ. ಎಷ್ಟು ಕ್ಲಿಕ್ ಬೇಕೆನ್ನುವುದಕ್ಕೆ ಆಸ್ಟ್ರೇಲಿಯಾದ ಇಬ್ಬರು ಸೂತ್ರವನ್ನೇ ಕಟ್ಟಿದ್ದಾರೆ, ಅದಕ್ಕೆ 2006ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿಯೂ ಬಂತು. 20ಕ್ಕಿಂತ ಕಡಿಮೆ ಜನರಿದ್ದರೆ ಒಳ್ಳೆಯ ಬೆಳಕಿನಲ್ಲಿ ತಲೆಯೆಣಿಕೆಯನ್ನು 3ರಿಂದ, ಕಡಿಮೆ ಬೆಳಕಿನಲ್ಲಿ 2ರಿಂದ ಭಾಗಿಸಿ. ಅಷ್ಟು ಸಲ ಒತ್ತಿದರೆ ಯಾರೂ ರೆಪ್ಪೆ ಮುಚ್ಚದ ಒಂದು ಫೋಟೊ ಹೆಚ್ಚೂಕಡಿಮೆ ಖಾತ್ರಿ. ನಿಮ್ಮ ಏಳು ಜನಕ್ಕೆ ಮೂರು, ಮಬ್ಬಿದ್ದರೆ ನಾಲ್ಕು. ನನ್ನ ಕಡೆಯಿಂದ ಒಂದು ಸೇರಿಕೆ: ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ, ಮೂರು ಎಣಿಸಿದಾಗ ಒಟ್ಟಿಗೆ ತೆರೆಯಿರಿ. ರೆಪ್ಪೆಯ ಕಾಟವೂ ಬಿಸಿಲಿಗೆ ಕಣ್ಣು ಕಿರಿದಾಗುವ ಕಾಟವೂ ಆ ಒಂದು ಸೆಕೆಂಡಿಗೆ ತಪ್ಪುತ್ತದೆ. ಆಟವೆಲ್ಲ ಮುಗಿದ ಮೇಲೆ ಅದೇ ಜಾಗದಲ್ಲಿ, ಅದೇ ಸಾಲಿನಲ್ಲಿ ಇನ್ನೊಂದು ಸಲ ನಿಂತು ತೆಗೆದುಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮನೆಯವರೇ ನಗುತ್ತಾರೆ.

ಫೋಟೊ ನೋಡಿ ‘ನಾನು ಹೀಗಿದೀನಾ’ ಎಂದು ಯಾರಾದರೂ ಬೇಸರಪಟ್ಟರೆ ತಕ್ಷಣ ಅಳಿಸಲು ಬಿಡಬೇಡಿ. ನಾವು ದಿನವೂ ನೋಡುವುದು ಕನ್ನಡಿಯ ಮುಖ, ಎಡ ಬಲ ಅದಲುಬದಲಾದದ್ದು. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ಅವರದೇ ಫೋಟೊವನ್ನು ನೇರವಾಗಿಯೂ ಕನ್ನಡಿಯ ಹಾಗೆ ತಿರುಗಿಸಿಯೂ ತೋರಿಸಿದರು. ಹೆಚ್ಚಿನವರು ತಮಗಾಗಿ ಮೆಚ್ಚಿದ್ದು ಕನ್ನಡಿಯದನ್ನು, ಅವರ ಗೆಳೆಯರು ಮೆಚ್ಚಿದ್ದು ನೇರವಾದದ್ದನ್ನು. ಹಾಗಾಗಿ ನಿಮ್ಮ ಫೋಟೊ ಚೆನ್ನಾಗಿದೆಯೇ ಇಲ್ಲವೇ ಎಂಬ ತೀರ್ಪನ್ನು ಮಗಳಿಗೆ ಬಿಡಿ.

ಕೊನೆಗೆ ಅತ್ತೆಯವರ ಕೈ. ‘ಕೈ ತೆಗೀರಿ ಅತ್ತೆ’ ಎಂದು ಯಾರೂ ಹೇಳಕೂಡದು. ಹೇಳಿದ ಕ್ಷಣವೇ ನಗು ಹೋಗುತ್ತದೆ, ಕೈ ಮಾತ್ರ ಉಳಿಯುತ್ತದೆ. ಹಲ್ಲು ಬಿದ್ದದ್ದಕ್ಕೋ ಚಿಕ್ಕಂದಿನ ಅಭ್ಯಾಸಕ್ಕೋ, ಅವರು ನಗುವ ರೀತಿಯೇ ಅದು. ಬಾಯಿ ಮುಚ್ಚಿಕೊಂಡದ್ದನ್ನೂ ತೆಗೆಯಿರಿ, ಆಗ ಅವರ ಕಣ್ಣು ನೋಡಿ, ಡುಶೆನ್ ಹೇಳಿದ ಸ್ನಾಯು ಅಲ್ಲಿ ಪೂರ್ತಿ ಎದ್ದಿರುತ್ತದೆ. ಮೊಮ್ಮಗ ಪಕ್ಕದಲ್ಲಿರಲಿ, ಅವರ ಬಲಗೈ ಹಿಡಿದುಕೊಂಡಿರಲಿ. ಎಡಗೈ ಮೇಲೆ ಹೋಗುತ್ತದೆ, ಹೋಗಲಿ. ನಗು ಇನ್ನೇನು ಇಳಿಯಬೇಕು ಅನ್ನುವಾಗ ಕೈ ಗಲ್ಲದ ತನಕ ಜಾರುತ್ತದೆ, ಕಣ್ಣಲ್ಲಿ ನೀರಿರುತ್ತದೆ, ತುಟಿ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಆಗ ಒತ್ತಿ.